ಆಲ್ಬುಮಿನ್ ನ್ಯಾನೋಕಣ

ಆಲ್ಬುಮಿನ್ ನ್ಯಾನೋಕಣಗಳು ರಕ್ತದ ಪ್ರಮುಖ ಪ್ರೋಟೀನಾದ ಆಲ್ಬುಮಿನ್‌ನಿಂದ ತಯಾರಿಸಿದ ಅತಿಸೂಕ್ಷ್ಮ ಔಷಧವಾಹಕಗಳು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿರುವ ಇವುಗಳ ಪ್ರಮುಖ ಉದಾಹರಣೆ ನ್ಯಾಬ್-ಪ್ಯಾಕ್ಲಿಟಾಕ್ಸೆಲ್. ಇದರ ಕಣಗಳ ಸರಾಸರಿ ವ್ಯಾಸ ಸುಮಾರು 130 ನ್ಯಾನೋಮೀಟರ್, ಅಂದರೆ ಕೆಂಪು ರಕ್ತಕಣದ ಐವತ್ತರಲ್ಲಿ ಒಂದು ಭಾಗದಷ್ಟು.

ಹಿನ್ನೆಲೆ

ಪ್ಯಾಕ್ಲಿಟಾಕ್ಸೆಲ್ ಅನ್ನು ಮೊದಲು ಪೆಸಿಫಿಕ್ ಯೂ ಮರದ ತೊಗಟೆಯಿಂದ ಬೇರ್ಪಡಿಸಲಾಯಿತು. ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಅವರ ತಂಡವು ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿತು. ಜೀವಕೋಶದೊಳಗಿನ ಸೂಕ್ಷ್ಮನಾಳಿಕೆಗಳು ಬಿಚ್ಚಿಕೊಳ್ಳದಂತೆ ತಡೆದು ಇದು ಕೋಶವಿಭಜನೆಯನ್ನು ನಿಲ್ಲಿಸುತ್ತದೆ. ಆದರೆ ಈ ಔಷಧ ನೀರಿನಲ್ಲಿ ಬಹುತೇಕ ಕರಗುವುದಿಲ್ಲ. ಆದ್ದರಿಂದ ಹಳೆಯ ವಿಧಾನದಲ್ಲಿ ಇದನ್ನು ಹರಳೆಣ್ಣೆಯಿಂದ ತಯಾರಾಗುವ ಕ್ರೆಮೊಫೋರ್ ಮತ್ತು ಎಥನಾಲ್‌ಗಳಲ್ಲಿ ಕರಗಿಸಿ ನೀಡಲಾಗುತ್ತದೆ. ಕ್ರೆಮೊಫೋರ್ ತಾನೇ ತೀವ್ರ ಅಲರ್ಜಿ ಉಂಟುಮಾಡಬಲ್ಲದು. ರೋಗಿಗೆ ಮುಂಚಿತವಾಗಿ ಸ್ಟೀರಾಯ್ಡ್ ಮತ್ತು ಅಲರ್ಜಿ ನಿರೋಧಕಗಳನ್ನು ಕೊಡಬೇಕಾಗುತ್ತದೆ. ಅಂದರೆ ಔಷಧದ ಜೊತೆಗೆ ದ್ರಾವಕದ ದುಷ್ಪರಿಣಾಮವನ್ನೂ ರೋಗಿ ಸಹಿಸಬೇಕಾಗಿತ್ತು.

ಆಲ್ಬುಮಿನ್ ಈ ದ್ರಾವಕದ ಸ್ಥಾನವನ್ನು ತುಂಬಿತು. ನೀರಿನಲ್ಲಿ ಕರಗದ ಕೊಬ್ಬಿನಾಮ್ಲ ಮುಂತಾದವುಗಳನ್ನು ರಕ್ತದಲ್ಲಿ ಸಾಗಿಸುವುದು ಅದರ ಸಹಜ ಕೆಲಸ. ಔಷಧ ಮತ್ತು ಆಲ್ಬುಮಿನ್‌ಗಳನ್ನು ಅಧಿಕ ಒತ್ತಡದಲ್ಲಿ ಬೆರೆಸಿದಾಗ ನ್ಯಾನೋಕಣಗಳು ರೂಪುಗೊಳ್ಳುತ್ತವೆ. ಹಳೆಯ ಔಷಧವನ್ನು ಸಾಮಾನ್ಯವಾಗಿ 3 ಗಂಟೆಗಳಲ್ಲಿ ಏರಿಸಿದರೆ, ಸ್ತನ ಕ್ಯಾನ್ಸರಿನಲ್ಲಿ ಇದಕ್ಕೆ 30 ನಿಮಿಷ ಸಾಕು.

ಗೆಡ್ಡೆಯನ್ನು ತಲುಪುವ ಬಗೆ

ರಕ್ತನಾಳದ ಒಳಪದರದಲ್ಲಿರುವ ಜಿಪಿ60 ಎಂಬ ಗ್ರಾಹಿಯು ಆಲ್ಬುಮಿನ್ ಅನ್ನು ಹಿಡಿದು ನಾಳದ ಆಚೆಗೆ ದಾಟಿಸುತ್ತದೆ. ಗೆಡ್ಡೆಯಲ್ಲಿರುವ ಸ್ಪಾರ್ಕ್ ಎಂಬ ಪ್ರೋಟೀನು ಅದನ್ನು ಅಲ್ಲಿಯೇ ಹಿಡಿದಿಡುತ್ತದೆಂದು ಮೊದಲು ಭಾವಿಸಲಾಗಿತ್ತು. ಆದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷೆಯೊಂದರಲ್ಲಿ ಸ್ಪಾರ್ಕ್ ಪ್ರಮಾಣಕ್ಕೂ ರೋಗಿಗಳು ಬದುಕಿದ ಅವಧಿಗೂ ಸಂಬಂಧ ಕಂಡುಬರಲಿಲ್ಲ. ಅಲ್ಲದೆ ರಕ್ತವನ್ನು ಸೇರಿದ ಕಣಗಳು ಬೇಗನೆ ಚಿಕ್ಕ ಆಲ್ಬುಮಿನ್-ಔಷಧ ಸಂಯುಕ್ತಗಳಾಗಿ ಒಡೆಯುತ್ತವೆ. ಹೀಗಾಗಿ ‘ಗುರಿಯಿಟ್ಟ ಸಾಗಣೆ’ ಎಂಬ ಮಾತು ಇದಕ್ಕೆ ಭಾಗಶಃ ಮಾತ್ರ ಸಲ್ಲುತ್ತದೆ. ದ್ರಾವಕವನ್ನು ಕೈಬಿಟ್ಟದ್ದೇ ಇದರ ಖಚಿತ ಲಾಭ.

ಬಳಕೆ ಮತ್ತು ಮಿತಿಗಳು

ಅಮೆರಿಕದಲ್ಲಿ ಇದಕ್ಕೆ 2005ರಲ್ಲಿ ಹರಡಿದ ಸ್ತನ ಕ್ಯಾನ್ಸರಿಗೆ, 2012ರಲ್ಲಿ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ, 2013ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಅನುಮತಿ ದೊರೆಯಿತು. ಸ್ತನ ಕ್ಯಾನ್ಸರಿನ ಪರೀಕ್ಷೆಯಲ್ಲಿ ಶೇ. 33ರಷ್ಟು ರೋಗಿಗಳ ಗೆಡ್ಡೆ ಕುಗ್ಗಿತು. ಹಳೆಯ ಔಷಧ ಪಡೆದವರಲ್ಲಿ ಇದು ಶೇ. 19. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಜೆಮ್ಸಿಟಬಿನ್ ಜೊತೆ ಇದನ್ನು ನೀಡಿದಾಗ ಮಧ್ಯಮ ಬದುಕುಳಿಯುವಿಕೆ 6.7 ತಿಂಗಳಿನಿಂದ 8.5 ತಿಂಗಳಿಗೆ ಏರಿತು.

ಕೂದಲು ಉದುರುವುದು, ಬಿಳಿ ರಕ್ತಕಣಗಳ ಇಳಿಕೆ, ಕೈಕಾಲು ಜೋಮು ಹಿಡಿಯುವುದು ಇದರಲ್ಲಿಯೂ ಉಂಟು. ಪ್ರಮಾಣ ಹೆಚ್ಚಾಗಿರುವುದರಿಂದ ನರಗಳ ತೊಂದರೆಯು ಸ್ತನ ಕ್ಯಾನ್ಸರಿನ ಪರೀಕ್ಷೆಯಲ್ಲಿ ಹಳೆಯದಕ್ಕಿಂತ ಅಧಿಕವಾಗಿತ್ತು. ಎರಡರಲ್ಲೂ ಇರುವ ಔಷಧ ಒಂದೇ ಆದರೂ ಪ್ರಮಾಣಗಳು ಬೇರೆ. ಒಂದರ ಬದಲಿಗೆ ಮತ್ತೊಂದನ್ನು ಅದೇ ಪ್ರಮಾಣದಲ್ಲಿ ನೀಡುವಂತಿಲ್ಲ.