ಹಬ್ಬದ ಶುಚಿಯೂ ಮನೆಯ ಮೂಕಜೀವಗಳೂ

ಹೋಳಿ ಹುಣ್ಣಿಮೆಯ ಬಣ್ಣ ಮೈಯಿಂದ ಇಳಿಯುವಷ್ಟರಲ್ಲಿಯೇ ಜಮಖಂಡಿಯ ಸೀಮೆಯಲ್ಲಿ ಯುಗಾದಿಯ ಸುಣ್ಣ-ಬಣ್ಣದ ಮಾತು ಮೊದಲಾಗುತ್ತದೆ. ಹುನ್ನೂರಿನಂತಹ ಊರಿನಲ್ಲಿ ಜಂತಿಗಳಿಗೆ ಕಟ್ಟಿದ ಜೇಡರ ಬಲೆಯನ್ನು ತೆಗೆಯುವುದು, ನಾಗಂದಿಗೆಯ ಮೇಲಿನ ಹಿತ್ತಾಳೆಯ ಪಾತ್ರೆಗಳನ್ನು ಇಳಿಸಿ ಬೆಳಗುವುದು, ಟ್ರಂಕಿನ ಅರಿವೆಗಳನ್ನು ಬಿಸಿಲಿಗೆ ಹರಡುವುದು, ಚಳಿಗಾಲವೆಲ್ಲ ಹೊದ್ದ ಕೌದಿಗಳನ್ನು ಒಗೆದು ಒಣಗಿಸುವುದು, ಇವೆಲ್ಲವೂ ಬಿಸಿಲು ಬಲಿಯುವ ಆ ಕೆಲವು ದಿನಗಳಲ್ಲಿಯೇ ಮುಗಿಯತಕ್ಕವು. ನವರಾತ್ರಿಯ ಘಟಸ್ಥಾಪನೆಗೆ ಮುನ್ನ ಇದೇ ಕಾರ್ಯ ಮತ್ತೊಮ್ಮೆ ನಡೆಯುತ್ತದೆ. ಮನೆಯ ಹಿರಿಯರಿಂದ ಮಕ್ಕಳವರೆಗೆ ಪ್ರತಿಯೊಬ್ಬರಿಗೂ ಆಗ ಒಂದು ಕೆಲಸವುಂಟು. ಕೆಲಸವಿಲ್ಲದವು ಎರಡೇ ಜೀವಗಳು: ಪಡಸಾಲೆಯ ಮೂಲೆಯಿಂದ ಎಬ್ಬಿಸಲ್ಪಟ್ಟ ನಾಯಿ, ಕೌದಿಯ ಗಂಟಿನ ಮೇಲಿಂದ ಇಳಿಸಲ್ಪಟ್ಟ ಬೆಕ್ಕು. ಅವುಗಳ ಕಡೆಗೆ ಯಾರ ಲಕ್ಷ್ಯವೂ ಇಲ್ಲದ ದಿನಗಳು ಅವು. ಅಪಾಯ ಅತ್ಯಧಿಕವಾಗಿರುವ ದಿನಗಳೂ ಅವೇ.

ಈ ನಾಡಿಗೆ ಪ್ರಾಣಿಪ್ರೀತಿಯನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವಿಲ್ಲ. ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿಯಿದ್ದ ಬೇಟೆನಾಯಿಗಳ ಗುಣವನ್ನು ಗುರುತಿಸಿ ಪೋಷಿಸಿದ ತಳಿಯು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಸ್ಥಾನ ಪಡೆಯಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಪ್ರೀತಿಯಿಂದ ಸಾಕಿದ ಮನೆಯಲ್ಲಿಯೇ ಆ ಪ್ರಾಣಿಗೆ ವಿಷವೇರುವುದುಂಟು. ಏಕೆಂದರೆ ಶುಚಿಯೆಂಬುದನ್ನು ನಾವು ಕಣ್ಣಿನಿಂದಲೂ ಮೂಗಿನಿಂದಲೂ ಅಳೆಯುತ್ತೇವೆ, ನೆಲ ಹೊಳೆದು ಫಿನೈಲಿನ ವಾಸನೆ ಬಂದರೆ ಕೆಲಸ ಮುಗಿಯಿತೆನ್ನುತ್ತೇವೆ. ನಾಯಿಬೆಕ್ಕುಗಳಾದರೋ ಬರಿಗಾಲಿನಲ್ಲಿ ಆ ನೆಲದ ಮೇಲೆಯೇ ನಡೆದು, ಅದರ ಮೇಲೆಯೇ ಮೈಚಾಚಿ ಮಲಗಿ, ಬಳಿಕ ಕಾಲನ್ನೂ ಮೈಯನ್ನೂ ನಾಲಿಗೆಯಿಂದ ನೆಕ್ಕಿ ಶುದ್ಧಿಮಾಡಿಕೊಳ್ಳುತ್ತವೆ. ನೆಲದಲ್ಲಿ ಉಳಿದುದೆಲ್ಲವೂ ಹೀಗೆ ಹೊಟ್ಟೆಯನ್ನು ಸೇರುತ್ತದೆ. ಪ್ರಾಣಿಯಿರುವ ಮನೆಯ ಶುಚಿಯನ್ನು ಆ ನಾಲಿಗೆಯ ಅಳತೆಯಿಂದಲೇ ಪರೀಕ್ಷಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸುಣ್ಣದ ವಿಷಯ. ಸುಟ್ಟ ಸುಣ್ಣದ ಹರಳಿಗೆ ನೀರು ಬಿದ್ದೊಡನೆ ಅದು ಕೊತಕೊತನೆ ಕುದಿಯುವುದನ್ನು ಎಲ್ಲರೂ ಕಂಡಿದ್ದಾರೆ. ಆ ಉಷ್ಣವು ನೀರನ್ನು ಆವಿಯಾಗಿಸುವಷ್ಟು ತೀವ್ರವಾದುದು. ಆದರೆ ಕುದಿ ನಿಂತ ಮೇಲೂ ಬಾನಿಯಲ್ಲಿರುವ ಸುಣ್ಣದ ತಿಳಿ ಪ್ರಬಲವಾದ ಕ್ಷಾರವೇ ಆಗಿರುತ್ತದೆಂಬುದು ಅಷ್ಟಾಗಿ ನೆನಪಿನಲ್ಲಿರುವುದಿಲ್ಲ. ಬಾಯಾರಿದ ನಾಯಿಗೆ ಅದು ಹಾಲಿನಂತೆಯೋ ನೀರಿನಂತೆಯೋ ತೋರಬಹುದು; ಒಮ್ಮೆ ನಾಲಿಗೆಯಿಟ್ಟರೆ ಬಾಯಿಯೂ ಗಂಟಲೂ ಸುಡುತ್ತವೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಆದುದರಿಂದ ಸುಣ್ಣ ನೆನೆಹಾಕಿದ ಬಾನಿಯ ಮೇಲೆ ಭಾರವಾದ ಮುಚ್ಚಳವಿರಬೇಕು, ಪಕ್ಕದಲ್ಲಿಯೇ ಕುಡಿಯಲು ಶುದ್ಧವಾದ ನೀರು ಬೇರೊಂದು ಪಾತ್ರೆಯಲ್ಲಿರಬೇಕು. ಬಳಿದ ಸುಣ್ಣವು ಗೋಡೆಯ ಮೇಲೆ ಒಣಗುತ್ತ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ರಮೇಣ ಸುಣ್ಣದ ಕಲ್ಲಿನ ಸ್ವಭಾವಕ್ಕೇ ಮರಳಿ ನಿರಪಾಯವಾಗುತ್ತದೆ. ಹಸಿಯಾಗಿರುವವರೆಗೆ ಮಾತ್ರ ಪ್ರಾಣಿಯನ್ನು ಆ ಕೋಣೆಯಿಂದ ದೂರವಿಡುವುದು ಅವಶ್ಯ. ಮೈಮೇಲೆ ಸುಣ್ಣದ ಒಣ ಪುಡಿ ಬಿದ್ದಿದ್ದರೆ ಮೊದಲು ಅದನ್ನು ಒಣಬಟ್ಟೆಯಿಂದ ಝಾಡಿಸಿ, ಅನಂತರ ಧಾರಾಳವಾಗಿ ನೀರು ಹಾಕತಕ್ಕದ್ದು. ಕಣ್ಣಿಗೆ ಬಿದ್ದಿದ್ದರೆ ಕಾಲುಗಂಟೆಯಾದರೂ ಬಿಡದೆ ಶುದ್ಧವಾದ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗತಕ್ಕದ್ದು.

ನಾಯಿ ತಾಳಿಕೊಂಡುದನ್ನು ಬೆಕ್ಕೂ ತಾಳಿಕೊಂಡೀತೆಂದು ಊಹಿಸುವುದು ದೊಡ್ಡ ತಪ್ಪು. ಫಿನೈಲಿನಲ್ಲಿರುವ ಫೀನಾಲ್ ಜಾತಿಯ ದ್ರವ್ಯಗಳನ್ನು ಮನುಷ್ಯನ ಯಕೃತ್ತು ಮತ್ತೊಂದು ವಸ್ತುವಿನೊಡನೆ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುತ್ತದೆ. ಈ ಕೆಲಸಕ್ಕೆ ಬೇಕಾದ ಕಿಣ್ವವು ಬೆಕ್ಕಿನ ಯಕೃತ್ತಿನಲ್ಲಿ ಅತ್ಯಲ್ಪ. ಅದು ಆಹಾರದಲ್ಲಿ ಕೇವಲ ಮಾಂಸಾಹಾರಿಯಾಗಿ ಬೆಳೆದುಬಂದ ಪ್ರಾಣಿ. ಗಿಡಮೂಲಗಳ ವಿಷವನ್ನು ಅರಗಿಸುವ ಶಕ್ತಿ ಅದಕ್ಕೆ ಬೇಕಾಗಲೇ ಇಲ್ಲ. ಹಾಗಾಗಿ ನಮಗೆ ಏನೂ ಮಾಡದ ಫಿನೈಲಿನ ತೆಳುವಾದ ಪದರ ಕಾಲಿಗಂಟಿ, ನೆಕ್ಕಿದಾಗ ಒಳಗೆ ಹೋಗಿ, ಅದರ ದೇಹದಲ್ಲಿ ದೀರ್ಘಕಾಲ ಉಳಿದು ಬಾಧಿಸುತ್ತದೆ. ಕರಿಯ ಫಿನೈಲು ಹೇಗೋ ಹಾಗೆಯೇ ಪೈನ್ ಎಣ್ಣೆಯ ಬಿಳಿಯ ಫಿನೈಲೂ ಬೆಕ್ಕಿಗೆ ಹಿತವಲ್ಲ. ನಾನು ಹೇಳುವುದಾದರೆ, ಬೆಕ್ಕಿರುವ ಮನೆಗೆ ಫಿನೈಲೇ ಬೇಡ; ಸೌಮ್ಯವಾದ ಸಾಬೂನಿನ ನೀರಿನಿಂದ ಒರೆಸಿ, ಮತ್ತೊಮ್ಮೆ ಬರಿಯ ನೀರಿನಿಂದ ಒರೆಸಿ, ನೆಲ ಪೂರ್ಣವಾಗಿ ಒಣಗಿದ ಮೇಲೆ ಒಳಗೆ ಬಿಟ್ಟರೆ ಸಾಕು.

ಬ್ಲೀಚಿಂಗ್ ಪುಡಿಯನ್ನು ಬಚ್ಚಲಿಗೆ ಹಾಕಿದ ಮೇಲೆ ಕೊಳೆ ಹೋಗಲಿಲ್ಲವೆಂದು ಅದರ ಮೇಲೆಯೇ ಆ್ಯಸಿಡ್ ಸುರಿಯುವ ಅಭ್ಯಾಸ ಕೆಲವೆಡೆ ಉಂಟು. ಅವೆರಡರ ಸಂಯೋಗದಿಂದ ಹೊರಡುವುದು ಕ್ಲೋರಿನ್ ಅನಿಲ. ಅದು ಮನುಷ್ಯರಿಗೂ ಪ್ರಾಣಾಪಾಯ. ಬೆಕ್ಕು ಮೂತ್ರ ಮಾಡಿದ ಜಾಗಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೂ ಮೂತ್ರದಲ್ಲಿರುವ ಅಮೋನಿಯದೊಡನೆ ಸೇರಿ ಉಸಿರುಗಟ್ಟಿಸುವ ಹೊಗೆ ಏಳುತ್ತದೆ. ಅಂಥ ಜಾಗವನ್ನು ಮೊದಲು ಬರಿಯ ನೀರಿನಿಂದ ತೊಳೆಯಬೇಕು.

ಟ್ರಂಕಿನಲ್ಲಿ ಅರಿವೆಗಳ ನಡುವೆ ಇಡುವ ಡಾಂಬರ ಗುಳಿಗೆಗಳು ಅರಿವೆ ಝಾಡಿಸುವಾಗ ನೆಲಕ್ಕುರುಳುತ್ತವೆ. ಮರಿನಾಯಿಗೆ ಅದು ಆಟದ ಗೋಲಿ. ಅದರಲ್ಲಿರುವ ನ್ಯಾಫ್ತಲೀನ್ ರಕ್ತದ ಕೆಂಪುಕಣಗಳನ್ನು ಒಡೆಯತಕ್ಕ ವಸ್ತುವಾದುದರಿಂದ ಒಂದೇ ಗುಳಿಗೆ ಸಣ್ಣ ಪ್ರಾಣಿಯನ್ನು ಸಂಕಟಕ್ಕೆ ಒಯ್ಯಬಲ್ಲದು. ಇಂಥ ವೇಳೆ ಹಾಲು ಕುಡಿಸುವ ರೂಢಿಯನ್ನು ಬಿಡಬೇಕು; ಕೊಬ್ಬಿನಲ್ಲಿ ಕರಗುವ ಈ ವಿಷವು ಹಾಲಿನಿಂದ ಇನ್ನಷ್ಟು ಬೇಗ ಒಳಸೇರುತ್ತದೆ. ಇನ್ನೊಂದು ಸಣ್ಣ ಮಾತು: ತೆರೆದ ಟ್ರಂಕೂ ಕೌದಿಯ ರಾಶಿಯೂ ಗದ್ದಲಕ್ಕೆ ಬೆದರಿದ ಬೆಕ್ಕಿಗೆ ಅಡಗುತಾಣಗಳು. "ಬೆಕ್ಕ ಒಳಗ ಐತೇನ ನೋಡವಾ, ಆಮ್ಯಾಲ ಟ್ರಂಕ ಮುಚ್ಚು" ಎಂದು ಮನೆಯ ಮುದುಕಿಯರು ಸೊಸೆಯಂದಿರಿಗೆ ಹೇಳುವ ಎಚ್ಚರಿಕೆ ಎಂದೆಂದಿಗೂ ಬೇಕಾದುದು.

ಮೂಲೆಮೂಲೆಗಳನ್ನು ಸರಿಸಿದಾಗ ಇಲಿಯ ಬಿಲ ಕಾಣಿಸುತ್ತದೆ, ಆಗ ಪಾಷಾಣ ತರುವ ಯೋಚನೆ ಹುಟ್ಟುತ್ತದೆ. ಜೋಳದ ಹಿಟ್ಟಿನೊಡನೆ ಕಲಸಿಡುವ ಕರಿಯ ಪುಡಿಯು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಗಲಿದೊಡನೆ ಅದರಿಂದ ಫಾಸ್ಫಿನ್ ಎಂಬ ಘೋರವಾದ ಅನಿಲ ಹೊರಡುತ್ತದೆ. ಅದನ್ನು ತಿಂದ ನಾಯಿ ಮುಚ್ಚಿದ ಕೋಣೆಯಲ್ಲಿ ವಾಂತಿಮಾಡಿದರೆ ಉಪಚರಿಸುವವರಿಗೂ ತೊಂದರೆಯಾದೀತು. ಕಿಟಕಿ ಬಾಗಿಲುಗಳನ್ನು ತೆರೆದು ಪ್ರಾಣಿಯನ್ನು ಬಯಲಿಗೆ ತರಬೇಕು. ಬಿಲ್ಲೆಯ ರೂಪದಲ್ಲಿ ಮಾರುವ ಬ್ರೊಮಾಡಿಯೊಲೋನ್ ಮುಂತಾದ ವಿಷಗಳ ರೀತಿ ಬೇರೆ: ಅವು ಕೆ ಜೀವಸತ್ವದ ಕಾರ್ಯವನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ದಿನ ನಾಯಿ ಆರೋಗ್ಯವಾಗಿಯೇ ಓಡಾಡುತ್ತದೆ. ಕೆಲವು ದಿನಗಳ ಮೇಲೆ ವಸಡು ಮೂಗುಗಳಿಂದ ರಕ್ತ ಕಾಣಿಸುತ್ತದೆ. ಏನೂ ಆಗಲಿಲ್ಲವೆಂದು ಸುಮ್ಮನಿರದೆ ಆ ಮೊದಲ ದಿನವೇ ವೈದ್ಯರಲ್ಲಿಗೆ ಒಯ್ದರೆ ಕೆ1 ಜೀವಸತ್ವದಿಂದ ಪ್ರಾಣ ಉಳಿಯುವ ಸಂಭವ ಹೆಚ್ಚು. ವಿಷ ತಿಂದ ಇಲಿಯನ್ನು ಹಿಡಿದ ಬೆಕ್ಕಿಗೂ ಅಪಾಯ ತಪ್ಪಿದ್ದಲ್ಲ. ಇಲಿಬೋನೇ ಸಾಧುವಾದ ಉಪಾಯ. ಎತ್ತು ಎಮ್ಮೆಗಳ ಉಣ್ಣೆಗೆಂದು ತಂದ ಔಷಧವನ್ನು ಬೆಕ್ಕಿನ ಮೈಗೆ ಸವರುವುದಂತೂ ಎಂದಿಗೂ ಕೂಡದು. ಪರ್ಮೆತ್ರಿನ್ ಜಾತಿಯ ಮದ್ದುಗಳಿಂದ ಬೆಕ್ಕಿಗೆ ನಡುಕ ಸೆಳವುಗಳು ಬರುತ್ತವೆ.

ಹಳೆಯ ವಾಡೆಗಳ ಬಾಗಿಲಿನ ಎಣ್ಣೆಬಣ್ಣವನ್ನು ಕೆರೆಯುವವರು ಅದರಲ್ಲಿ ಸೀಸವಿರಬಹುದೆಂದು ಭಾವಿಸಿಯೇ ಕೆಲಸಮಾಡಲಿ. ಮನೆಬಳಕೆಯ ಬಣ್ಣದಲ್ಲಿ ಸೀಸವು ದಶಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ಕಟ್ಟಳೆ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಪ್ರಾಣಿಗಳ ನಾಲಿಗೆಗೆ ಸಿಗದಂತೆ ಕೆರೆದ ಚಕ್ಕೆಗಳನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು, ಗುಡಿಸಿ ಧೂಳೆಬ್ಬಿಸಬಾರದು.

ಕೆಲಸವನ್ನು ಕೋಣೆ ಕೋಣೆಯಾಗಿ ಮಾಡಿ, ಒಂದು ಕೋಣೆಯನ್ನು ಹಾಸಿಗೆ, ನೀರು, ಅನ್ನದ ತಟ್ಟೆಗಳೊಡನೆ ಪ್ರಾಣಿಗೇ ಮೀಸಲಿಟ್ಟು ಕೊನೆಯಲ್ಲಿ ಆ ಕೋಣೆಯನ್ನು ಶುಚಿಮಾಡಿದರೆ ಅರ್ಧ ಚಿಂತೆ ಕಳೆಯುತ್ತದೆ. ಅಷ್ಟಾಗಿಯೂ ಏನಾದರೂ ಬಾಯಿಗೆ ಹೋದರೆ, ಉಪ್ಪುನೀರು ಕುಡಿಸಿ ವಾಂತಿಮಾಡಿಸುವ ಪ್ರಯತ್ನ ಬೇಡ. ಸುಣ್ಣ, ಆ್ಯಸಿಡ್‌ಗಳಂತಹ ಸುಡುವ ವಸ್ತುಗಳು ಮೇಲೆ ಬರುವಾಗ ಗಂಟಲನ್ನು ಎರಡನೆಯ ಸಲ ಸುಡುತ್ತವೆ. ಊರಿನ ಪಶುಆಸ್ಪತ್ರೆಗೆ ಕೂಡಲೇ ತಿಳಿಸಿರಿ, ಅಥವಾ ಪಶು ಸಂಜೀವಿನಿ ಎಂಬ ಪಶುವೈದ್ಯ ಸೇವೆಯ 1962 ಸಂಖ್ಯೆಗೆ ಕರೆಮಾಡಿರಿ. ಕರೆಮಾಡುವಾಗ ಆ ವಸ್ತುವಿನ ಡಬ್ಬಿಯೋ ಚೀಟಿಯೋ ಕೈಯಲ್ಲಿರಲಿ, ಯಾವ ಹೊತ್ತಿಗೆ, ಸುಮಾರು ಎಷ್ಟು ತಿಂದಿತೆಂಬುದನ್ನು ಮೊದಲು ಹೇಳಿರಿ.