ಪೇಂಟು ಡಬ್ಬಿಯ ಮೇಲಿನ ಸಾಲು ಓದುವವರು ಯಾರು?

ಹಬ್ಬ ಹತ್ತಿರ ಬಂತೆಂದರೆ ಪೇಂಟ್ ಅಂಗಡಿಗಳಿಗೆ ಸುಗ್ಗಿ. ಬಂದ ಗಿರಾಕಿ ಕೇಳುವುದು ಎರಡೇ ಮಾತು: "ಲೀಟರ್ ಎಷ್ಟು?" "ಎಷ್ಟು ವರ್ಷ ಬಾಳಿಕೆ ಬರುತ್ತೆ?" ಕೇಳಬೇಕಾದ ಮೂರನೆಯ ಮಾತೊಂದಿದೆ. ಅದು ಯಾರ ಬಾಯಲ್ಲೂ ಬರುವುದಿಲ್ಲ. "ಸ್ವಾಮಿ, ಇದರಲ್ಲಿ ಸೀಸ ಎಷ್ಟಿದೆ?"

ಪೇಂಟಿಗೂ ಸೀಸಕ್ಕೂ ಏನು ಸಂಬಂಧ ಅಂತೀರಾ? ಅದು ಹಳೆಯ ನಂಟು. ಹಳದಿ, ಕಿತ್ತಳೆ ಬಣ್ಣ ಕಣ್ಣು ಕುಕ್ಕುವಂತೆ ಹೊಳೆಯಲೆಂದು ಲೆಡ್ ಕ್ರೋಮೇಟ್ ಎಂಬ ಪುಡಿ ಬೆರೆಸುತ್ತಿದ್ದರು. ಎಣ್ಣೆ ಪೇಂಟು ಬೇಗ ಒಣಗಲೆಂದು ಹಾಕುತ್ತಿದ್ದುದರಲ್ಲೂ ಸೀಸ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಳಿಯುತ್ತಿದ್ದ ರೆಡ್ ಲೆಡ್ಡಂತೂ ಹೆಸರಲ್ಲೇ ಸೀಸ. ಇದೆಲ್ಲ ಗೋಡೆಗೆ ಅಂಟಿಕೊಂಡೇ ಇದ್ದಿದ್ದರೆ ಯಾರಿಗೂ ಚಿಂತೆಯಿರಲಿಲ್ಲ. ಆದರೆ ಪೇಂಟು ಹಳತಾದಂತೆ ಚಕ್ಕೆ ಏಳುತ್ತದೆ. ಕಿಟಕಿ, ಬಾಗಿಲು ಉಜ್ಜಿ ಉಜ್ಜಿ ಪುಡಿ ಉದುರುತ್ತದೆ. ಅದೇ ನೆಲದ ಮೇಲೆ ಅಂಬೆಗಾಲಿಡುವ ಮಗು ಅದೇ ಕೈ ಬಾಯಿಗಿಡುತ್ತದೆ.

ದೊಡ್ಡವರ ಮೈಗಿಂತ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರಿಕೊಳ್ಳಬಲ್ಲದು. ಹೊಕ್ಕ ಸೀಸ ಎಲುಬಿನಲ್ಲಿ ಮನೆ ಮಾಡುತ್ತದೆ, ಬೆಳೆಯುವ ಮಿದುಳನ್ನು ಮಂಕು ಮಾಡುತ್ತದೆ. ಜ್ವರವಿಲ್ಲ, ಕೆಮ್ಮಿಲ್ಲ. ಪಾಠ ತಲೆಗೆ ಹತ್ತದಿದ್ದರೆ ಹುಡುಗ ದಡ್ಡ ಅಂತ ಬೈಯುತ್ತೇವೆ, ಅಷ್ಟೇ. ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಮಟ್ಟವೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಸರ್ಕಾರ ಸುಮ್ಮನೆ ಕೂತಿಲ್ಲ, ಆ ಮಾತೂ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಮಿತಿ ಮೀರಿತ್ತು. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಪೇಂಟಿನ ಸರದಿ ಬಂದದ್ದು ಬಹಳ ತಡವಾಗಿ. 2016ರ ನವೆಂಬರಿನಲ್ಲಿ ಕೇಂದ್ರ ಪರಿಸರ ಇಲಾಖೆ ನಿಯಮ ಹೊರಡಿಸಿತು, ಒಂದು ವರ್ಷದ ನಂತರ ಅದು ಜಾರಿಗೆ ಬಂತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಕೂಡದು. ಅಂದರೆ ಒಂದು ಕಿಲೋ ಪೇಂಟಿಗೆ 90 ಮಿಲಿಗ್ರಾಂ, ಒಂದು ಚಿಟಿಕೆಗೂ ಕಡಿಮೆ. ಈ ಮಾತನ್ನು ಡಬ್ಬಿಯ ಮೇಲೆ ಅಚ್ಚು ಹಾಕಿರಬೇಕು. ಮಿತಿ ಮೀರಿದ ಪೇಂಟನ್ನು ತಯಾರಿಸುವುದಷ್ಟೇ ಅಲ್ಲ, ಮಾರುವುದೂ ತಪ್ಪು. ಅಂಗಡಿಯವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. "ಕಂಪನಿಯವರು ಕಳಿಸಿದ್ರು, ನಾನು ಮಾರಿದೆ" ಎಂದರೆ ಮುಗಿಯಲಿಲ್ಲ.

ಆದರೆ ಈ ಬೇಲಿಯಲ್ಲೂ ಒಂದು ಕಂಡಿ ಇದೆ. ನಿಯಮ ಮನೆಯ ಪೇಂಟಿಗೆ ಮಾತ್ರ. ಯಂತ್ರ, ವಾಹನ, ಕಾರ್ಖಾನೆಗಳ ಪೇಂಟು ಅದರ ಹೊರಗೆ. ಆ ಡಬ್ಬಿ ವೆಲ್ಡಿಂಗ್ ಶಾಪಿನಿಂದ ಪಾರ್ಕಿನ ಜೋಕಾಲಿಗೋ ಶಾಲೆಯ ಗೇಟಿಗೋ ಹೋದರೆ ತಡೆಯುವವರು ಯಾರು? ಆಟಿಕೆಗೇನೋ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ಮಾತ್ರ ವಿನಾಯಿತಿ. ಮಗು ಜೊಲ್ಲು ಸುರಿಸಿ ಕಚ್ಚುವ ಗೊಂಬೆಗೆ ಒಂದು ಕಾನೂನು, ಅದೇ ಮಗು ಜಾರುವ ಜಾರುಬಂಡೆಗೆ ಕಾನೂನೇ ಇಲ್ಲ ಅಂದರೆ ಹೇಗೆ?

ಅಲ್ಲಿಯತನಕ ನಮ್ಮ ಕೈಲಿರುವುದನ್ನು ನಾವು ಮಾಡೋಣ. ಡಬ್ಬಿ ತಿರುಗಿಸಿ ನೋಡಿ. 90 ಪಿಪಿಎಂ ಎಂಬ ಸಾಲಿಲ್ಲವೇ? ವಾಪಸು ಇಡಿ. ಹೆಸರು, ವಿಳಾಸ ಇಲ್ಲದ ಬಿಡಿ ಪೇಂಟು ಹತ್ತಿಪ್ಪತ್ತು ರೂಪಾಯಿ ಅಗ್ಗ ಅಂತ ತರಬೇಡಿ. ಅಂಗಡಿಯವರೂ ಮಾಲು ತರುವಾಗ ಬಿಲ್ಲು ಇಟ್ಟುಕೊಳ್ಳಲಿ. ಗಿರಾಕಿ ಕೇಳದಿದ್ದರೂ ಆ ಸಾಲು ತೋರಿಸಲಿ. ಅದರಿಂದ ವ್ಯಾಪಾರ ಕೆಡುವುದಿಲ್ಲ, ನಂಬಿಕೆ ಬೆಳೆಯುತ್ತದೆ.

ನಿಯಮ ಬರುವ ಮುಂಚೆ ಬಳಿದದ್ದು ಇನ್ನೂ ನಮ್ಮ ಬಾಗಿಲಲ್ಲೇ ಇದೆ. ಅದನ್ನು ಒಣಗಿದ್ದಂತೆಯೇ ಉಜ್ಜಿಸಬೇಡಿ, ಬೆಂಕಿ ಹಿಡಿದು ಸುಡಿಸಬೇಡಿ. ನೀರು ಚಿಮುಕಿಸಿ ಕೆರೆಸಿ. ಆ ದಿನ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಕಡೆ ಇರಿಸಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಎಲ್ಲರಿಗಿಂತ ಹೆಚ್ಚು ಧೂಳು ಕುಡಿಯುವವನು ಪೇಂಟರಣ್ಣ. ಊಟಕ್ಕೆ ಕೂರುವ ಮುಂಚೆ ಅವನಿಗೆ ಸೋಪು, ನೀರು ಕೊಡುವುದು ಮನೆಯವರ ಧರ್ಮ. ಅದೇ ಬಟ್ಟೆಯಲ್ಲಿ ಅವನು ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡರೆ ಸೀಸವೂ ಜೊತೆಗೇ ಹೋಗುತ್ತದೆ.

ಇನ್ನು ಅಂಗನವಾಡಿ, ಶಾಲೆ, ಪಾರ್ಕುಗಳಿಗೆ ಪೇಂಟು ಹೊಡೆಸುವುದು ಸರ್ಕಾರದ್ದೇ ದುಡ್ಡಿನಲ್ಲಿ. ಟೆಂಡರಿನಲ್ಲಿ 90 ಪಿಪಿಎಂ ಎಂದು ಒಂದು ಸಾಲು ಸೇರಿಸಲು ಖರ್ಚೇನು? ಮಾಲಿನ್ಯ ನಿಯಂತ್ರಣ ಮಂಡಳಿಯವರು ನಮ್ಮಂಥ ಊರಿನ ಅಂಗಡಿಗಳಿಂದಲೂ ಆಗಾಗ ನಾಲ್ಕು ಡಬ್ಬಿ ಎತ್ತಿ ಪರೀಕ್ಷೆಗೆ ಕಳಿಸಿದರೆ ಮಿಕ್ಕವರು ತಾವಾಗಿಯೇ ದಾರಿಗೆ ಬರುತ್ತಾರೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?