ನೆಲಕ್ಕೆ ಬೀಳದ ಎಣ್ಣೆಯೇ ಹೆಚ್ಚು ಅಪಾಯಕಾರಿ
ಹಳೆಯ ಜಾವಾ, ಯೆಜ್ಡಿಗೆ ಮರುಜೀವ ನೀಡುವ ಮುನ್ನ ಸೋರಿಕೆಯ ಮೂಲ ತಿಳಿಯಿರಿ

ನಾಲತವಾಡ: ಮುದ್ದೇಬಿಹಾಳ ತಾಲೂಕಿನ ನಾಲತವಾಡವಿರಲಿ, ನೆರೆಯ ತಾಳಿಕೋಟೆ, ಬಸವನಬಾಗೇವಾಡಿಗಳಿರಲಿ, ಹಳೆಯ ಮನೆಗಳ ಕೊಟ್ಟಿಗೆಯ ಮೂಲೆಯಲ್ಲೋ ಕಣಕಿಯ ಬಣವೆಯ ಮಗ್ಗುಲಲ್ಲೋ ಧೂಳು ಹೊದ್ದು ನಿಂತ ಮೋಟಾರ್ ಸೈಕಲ್ ಅಪರೂಪದ ದೃಶ್ಯವೇನಲ್ಲ. ಅಜ್ಜನ ಕಾಲದ ಬಂಡಿಯನ್ನು ಮತ್ತೆ ರಸ್ತೆಗಿಳಿಸುವ ಹಂಬಲ ಇತ್ತೀಚಿನ ವರ್ಷಗಳಲ್ಲಿ ಯುವಕರಲ್ಲಿ ಹೆಚ್ಚಿದೆ. ಆದರೆ ಎಂಜಿನ್ ಚಾಲೂ ಆದ ಮರುದಿನವೇ ಬಹುತೇಕರಿಗೆ ಎದುರಾಗುವ ತೊಡಕು ಒಂದೇ: ಬಂಡಿಯ ಕೆಳಗೆ ನೆಲದ ಮೇಲೆ ಬಿದ್ದ ಎಣ್ಣೆಯ ಕಲೆ.

ಆ ಕಲೆಯನ್ನು ಕಂಡೊಡನೆ ಪ್ಯಾಕಿಂಗ್ ಬದಲಿಸಿ, ಅಂಟು ಮೆತ್ತಿಸಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಜಾವಾ, ಯೆಜ್ಡಿಯಂತಹ ಎರಡು ಸ್ಟ್ರೋಕ್ ಬಂಡಿಗಳಲ್ಲಿ ಇದು ಅರ್ಧ ಚಿಕಿತ್ಸೆ ಮಾತ್ರ. ಹೊರಗೆ ತೊಟ್ಟಿಕ್ಕುವ ಎಣ್ಣೆ ಅಂಗಳವನ್ನು ಕೆಡಿಸುತ್ತದೆ. ಒಳಗೊಳಗೇ ಆಗುವ ಸೋರಿಕೆ ಎಂಜಿನ್ನನ್ನೇ ಕೆಡಿಸುತ್ತದೆ. ಓಡುವಾಗಲೇ ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಗಾಲಿ ಒಮ್ಮೆಲೇ ಬಿಗಿದು ಸವಾರನ ಪ್ರಾಣಕ್ಕೂ ಕುತ್ತು ಬರಬಹುದು.

ಮೈಸೂರಿನ ಕೊಡುಗೆ

ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಮೈಸೂರಿನಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 250 ಸಿಸಿ ಬಂಡಿಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮಾರುಕಟ್ಟೆಗೆ ಮರಳಿದವಾದರೂ ಅವು ನಾಲ್ಕು ಸ್ಟ್ರೋಕ್‌ನ ಹೊಸ ಎಂಜಿನ್‌ಗಳು. ಅವುಗಳ ಎಂಜಿನ್ ಭಾಗಗಳು ಹಳೆಯ ಬಂಡಿಗೆ ಹೊಂದುವುದಿಲ್ಲ. ಹೀಗಾಗಿ ಮೈಸೂರಿನ ಬಂಡಿಯ ಒಂದು ಅಲ್ಯೂಮಿನಿಯಂ ಕವರ್ ಒಡೆದರೂ ಅದಕ್ಕೆ ಬದಲಿ ಹುಡುಕುವುದು ಸುಲಭವಲ್ಲ. ಅವಸರದಲ್ಲಿ ಎಂಜಿನ್ ಬಿಚ್ಚಬಾರದೆನ್ನುವುದಕ್ಕೆ ಇದೇ ಮುಖ್ಯ ಕಾರಣ.

ಎರಡು ಎಣ್ಣೆ, ಎರಡು ಕೋಣೆ

ಈ ಬಂಡಿಯಲ್ಲಿ ಎಣ್ಣೆಯ ಕೆಲಸ ಎರಡು ಬಗೆಯದು. ಪೆಟ್ರೋಲ್‌ನೊಂದಿಗೆ ಬೆರೆಸುವ ಎಣ್ಣೆ ಕ್ರ್ಯಾಂಕ್ ಕೋಣೆಯನ್ನು ಹಾದು, ಬೇರಿಂಗ್ ಮತ್ತು ಪಿಸ್ಟನ್ನಿಗೆ ಜಿಡ್ಡು ನೀಡಿ ಉರಿದುಹೋಗುತ್ತದೆ. ಗೇರ್ ಬಾಕ್ಸ್ ಮತ್ತು ಕ್ಲಚ್ ಕೋಣೆಗೆ ಸುಮಾರು ಒಂದು ಲೀಟರ್ ಪ್ರತ್ಯೇಕ ಎಣ್ಣೆ ಇರುತ್ತದೆ. ಈ ಎರಡರ ನಡುವಿನ ಕಾವಲುಗಾರ ಎಡಬದಿಯಲ್ಲಿ ಕ್ರ್ಯಾಂಕ್ ದಂಡವನ್ನು ಬಳಸಿ ಕುಳಿತ ಒಂದು ಸಣ್ಣ ರಬ್ಬರ್ ಸೀಲ್. ಬಲಬದಿಯ ಇನ್ನೊಂದು ಸೀಲ್ ಕ್ರ್ಯಾಂಕ್ ಕೋಣೆಯನ್ನು ಡೈನಮೋ ಮತ್ತು ಪಾಯಿಂಟ್ ಇರುವ ಭಾಗದಿಂದ ಬೇರ್ಪಡಿಸುತ್ತದೆ.

ವರ್ಷಗಟ್ಟಲೆ ನಿಂತ ಬಂಡಿಯಲ್ಲಿ ಈ ಸೀಲುಗಳು ಎಣ್ಣೆಯ ಪಸೆ ಕಾಣದೆ ಒಣಗಿ ಗಡುಸಾಗುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ವಿಜಯಪುರ ಜಿಲ್ಲೆಯ ಬಿಸಿಲು ಈ ಕ್ರಿಯೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ.

ಮೊದಲು ತೊಳೆಯಿರಿ, ನಂತರ ಹುಡುಕಿ

ಎಣ್ಣೆ ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಮೇಲೆಲ್ಲೋ ಜಿನುಗಿದ ಎಣ್ಣೆ ಎಂಜಿನ್ ಮೈಯಗುಂಟ ಹರಿದು ಅತಿ ಕೆಳಗಿನ ತುದಿಯಲ್ಲಿ ಹನಿಯಾಗುತ್ತದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಶೋಧನೆ ಯಾವಾಗಲೂ ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಸಾಗಬೇಕು.

ಎಂಜಿನ್ನಿಗೆ ಮೆತ್ತಿದ ಎರೆಮಣ್ಣು, ಜಿಡ್ಡನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು ಸಂಪೂರ್ಣ ಒಣಗಿಸಬೇಕು. ಬಳಿಕ ಸಂಶಯವಿರುವ ಕೂಡುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ, ಎಂಜಿನ್ ಬಿಸಿಯಾಗುವವರೆಗೆ ಚಾಲೂ ಇಟ್ಟು ನಿಲ್ಲಿಸಬೇಕು. ಎಣ್ಣೆ ಮೊದಲು ಒಸರಿದಲ್ಲಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ರಾತ್ರಿಯಿಡೀ ಬಂಡಿಯ ಕೆಳಗೆ ರಟ್ಟು ಹಾಸಿ, ಗಾಲಿಗಳ ಸ್ಥಾನ ಗುರುತು ಮಾಡಿದರೆ ಹನಿ ಬೀಳುವ ನೆಲೆಯೂ ತಿಳಿಯುತ್ತದೆ.

ಹನಿಯ ಬಣ್ಣ, ವಾಸನೆಗಳೂ ಸುಳಿವು ನೀಡುತ್ತವೆ. ಗೇರ್ ಎಣ್ಣೆ ದಪ್ಪಗಿರುತ್ತದೆ. ಪೆಟ್ರೋಲ್ ವಾಸನೆಯ ತೆಳು ಎಣ್ಣೆ ಕಾರ್ಬ್ಯುರೇಟರ್ ಅಥವಾ ಪೆಟ್ರೋಲ್ ಕಾಕ್ ಕಡೆಗೆ ಬೊಟ್ಟು ಮಾಡುತ್ತದೆ. ಸೈಲೆನ್ಸರ್ ಕೂಡಿನಲ್ಲಿ ಕಾಣುವ ಕಪ್ಪು ಜಿಡ್ಡು ಪೂರ್ತಿ ಉರಿಯದ ಮಿಶ್ರಣವೇ ಹೊರತು ಎಂಜಿನ್ ಒಡಕಲ್ಲ.

ಹೊರಗಿನ ಸೋರಿಕೆಯ ತಾಣಗಳು

ಜಾವಾದಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಅದರ ದಂಡಗಳು ಒಂದರೊಳಗೊಂದು ಕೂತು ಎಡಗಡೆಯ ಕವರ್‌ನಿಂದ ಹೊರಬರುವುದರಿಂದ ಅಲ್ಲಿ ಎಣ್ಣೆ ಜಿನುಗುವುದು ಸಾಮಾನ್ಯ. ಡ್ರೇನ್ ಬೋಲ್ಟಿನ ವಾಶರ್, ಕ್ಲಚ್ ಕವರ್ ಪ್ಯಾಕಿಂಗ್, ಹಿಂದಿನ ಚೈನಿನ ಚಿಕ್ಕ ಹಲ್ಲುಚಕ್ರದ ಬಳಿಯ ಸೀಲ್ ಉಳಿದ ತಾಣಗಳು. ಚೈನ್ ಪೂರ್ತಿ ಮುಚ್ಚಿದ ಕವಚದೊಳಗೆ ಇರುವುದರಿಂದ ಈ ಕೊನೆಯ ಸೋರಿಕೆಯನ್ನು ಚೈನಿನ ಗ್ರೀಸ್ ಎಂದು ಭ್ರಮಿಸುವುದುಂಟು. ಆ ಎಣ್ಣೆ ಹಿಂದಿನ ಟಾಯರಿಗೆ ತಗುಲಿದರೆ ಬಂಡಿ ಜಾರುವ ಭಯವಿದೆ.

ಗೇರ್ ಎಣ್ಣೆಯನ್ನು ಅಳತೆ ಮೀರಿ ತುಂಬಿದರೂ ಅದು ದಂಡಗಳ ಸಂದಿಯಿಂದ ಹೊರಬರುತ್ತದೆ. ಬಿಚ್ಚುವ ಮೊದಲು ಮಟ್ಟವನ್ನು ನೋಡುವುದು ಲೇಸು.

ಕಣ್ಣಿಗೆ ಕಾಣದ ಸೋರಿಕೆ

ನೆಲದ ಮೇಲೆ ಹನಿಯೇ ಇಲ್ಲ, ಆದರೂ ಗೇರ್ ಎಣ್ಣೆ ಕಡಿಮೆಯಾಗುತ್ತಿದೆ, ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದೆ ಎಂದರೆ ಎಡಬದಿಯ ಸೀಲ್ ಸೋತಿದೆ ಎಂದರ್ಥ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್ ಕೋಣೆಯಲ್ಲಿ ಉಂಟಾಗುವ ಸೆಳೆತ ಗೇರ್ ಎಣ್ಣೆಯನ್ನು ಒಳಕ್ಕೆ ಹೀರುತ್ತದೆ. ಪಿಸ್ಟನ್ ಇಳಿಯುವಾಗಿನ ಒತ್ತಡ ಪೆಟ್ರೋಲನ್ನು ಗೇರ್ ಬಾಕ್ಸಿಗೆ ನೂಕುವುದೂ ಉಂಟು. ಆಗ ಎಣ್ಣೆಯ ಮಟ್ಟ ಏರಿ ಪೆಟ್ರೋಲ್ ವಾಸನೆ ಬರುತ್ತದೆ. ಬಹುಕಾಲ ನಿಂತ ಬಂಡಿಯಲ್ಲಿ ಮೊದಲ ಕೆಲ ನಿಮಿಷ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ತಗ್ಗದಿದ್ದರೆ ಮಾತ್ರ ಸಂಶಯಿಸಬೇಕು.

ಬಲಬದಿಯ ಸೀಲ್ ಸೋತರೆ ಇನ್ನೂ ಕಷ್ಟ. ಅಲ್ಲಿ ಎಣ್ಣೆಯ ಬದಲು ಗಾಳಿ ಒಳನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಪ್ರಮಾಣ ಕುಗ್ಗಿ, ಅದರೊಂದಿಗೆ ಬರಬೇಕಾದ ಎಣ್ಣೆಯೂ ಕುಗ್ಗುತ್ತದೆ. ಎಕ್ಸಲರೇಟರ್ ಬಿಟ್ಟರೂ ಎಂಜಿನ್ ವೇಗ ತಾನಾಗಿಯೇ ಏರುವುದು, ಅತಿಯಾಗಿ ಕಾಯುವುದು, ಪಾಯಿಂಟ್ ಮೇಲೆ ಎಣ್ಣೆಯ ತೇವ ಕಾಣುವುದು ಇದರ ಲಕ್ಷಣ. ಈ ಸ್ಥಿತಿಯಲ್ಲಿ ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುವ ಸಂಭವ ಹೆಚ್ಚು.

ಸಂಶಯ ನಿವಾರಣೆಗೆ ಒಂದು ಸರಳ ಪರೀಕ್ಷೆಯಿದೆ. ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಕಳಚಿ ಆ ದ್ವಾರಗಳನ್ನು ರಬ್ಬರಿನಿಂದ ಗಾಳಿಯಾಡದಂತೆ ಮುಚ್ಚಬೇಕು. ಪ್ಲಗ್ ಸ್ವಸ್ಥಾನದಲ್ಲಿರಲಿ, ಪಿಸ್ಟನ್ ಕೆಳತುದಿಯಲ್ಲಿರಲಿ. ಮುಚ್ಚಿದ ಒಂದು ದ್ವಾರಕ್ಕೆ ಟ್ಯೂಬಿನ ವಾಲ್ ಕೂರಿಸಿ, ಸೈಕಲ್ ಪಂಪಿನಿಂದ 5-6 ಪಿಎಸ್‌ಐ ಮೀರದಂತೆ ಗಾಳಿ ತುಂಬಬೇಕು. ಬಲಬದಿಯ ಸೀಲ್ ಹಾಗೂ ಸಿಲಿಂಡರ್ ಬುಡಕ್ಕೆ ಸೋಪಿನ ನೀರು ಸವರಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಎಡಬದಿಯ ಸೀಲ್ ಕ್ಲಚ್ ಕವರ್ ಒಳಗೆ ಅಡಗಿರುವುದರಿಂದ ಗೇರ್ ಎಣ್ಣೆ ಹಾಕುವ ಬಾಯಿಯನ್ನು ಸೋಪಿನ ಪೊರೆಯಿಂದ ಮುಚ್ಚಿ ನೋಡಬೇಕು. ಪೊರೆ ಉಬ್ಬಿದರೆ ಕಳ್ಳ ಸಿಕ್ಕಂತೆಯೇ.

ದುರಸ್ತಿಯಲ್ಲಿ ಎಚ್ಚರ

ಕವರ್ ತೆಗೆಯಲು ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಎಬ್ಬುವುದು ಸಾಮಾನ್ಯ ತಪ್ಪು. ಮೆದು ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಹೊಸ ಪ್ಯಾಕಿಂಗ್ ಹಾಕಿದರೂ ಸೋರುತ್ತಲೇ ಇರುತ್ತದೆ. ಮರದ ಅಥವಾ ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸಬೇಕು. ಕವರ್ ಸೊಟ್ಟಗಾಗಿದ್ದರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ಉಜ್ಜಿ ಸಮತಟ್ಟು ಮಾಡಬಹುದು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಹಳೆಯ ತಾಮ್ರದ ವಾಶರನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆದುವಾಗುತ್ತದೆ.

ಸೀಲ್ ಬದಲಿಸುವಾಗ ಕ್ರ್ಯಾಂಕ್ ಬೇರಿಂಗ್ ಅಲುಗಾಡುತ್ತಿದೆಯೇ, ದಂಡದ ಮೇಲೆ ಸವೆದ ಗೆರೆಯಿದೆಯೇ ಎಂದು ನೋಡದಿದ್ದರೆ ಹೊಸ ಸೀಲೂ ಬೇಗನೆ ಸೋಲುತ್ತದೆ. ಇಂದಿನ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿರುವುದರಿಂದ ಅದನ್ನು ತಾಳುವ ರಬ್ಬರಿನ ಸೀಲುಗಳನ್ನೇ ಕೇಳಿ ಪಡೆಯಬೇಕು. ತೆಗೆದ ಹಳೆಯ ಎಣ್ಣೆಯನ್ನು ಹೊಲದ ಬದುವಿಗೋ ಬಾವಿಯ ಬಳಿಯೋ ಚೆಲ್ಲದೆ ಡಬ್ಬಿಯಲ್ಲಿ ಸಂಗ್ರಹಿಸಿ ಗ್ಯಾರೇಜಿಗೆ ಒಪ್ಪಿಸಬೇಕು.

ಪ್ಯಾಕಿಂಗ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಮೂಲ ಹುಡುಕಲು ಎರಡು ದಿನ ಹಿಡಿಯಬಹುದು. ಆದರೆ ಬದಲಿ ಎಂಜಿನ್ ಸಿಗದ ಬಂಡಿಗೆ ಆ ಎರಡು ದಿನಗಳೇ ಆಯುಷ್ಯವನ್ನು ನಿರ್ಧರಿಸುತ್ತವೆ. ಒಳಗಿನ ಎರಡು ಸೀಲುಗಳು ಗಟ್ಟಿಯಾಗಿವೆ ಎಂದು ಖಚಿತವಾಗುವವರೆಗೆ ಅಂಗಳದಾಚೆ ಬಂಡಿ ಓಡಿಸದಿರುವುದೇ ಕ್ಷೇಮ.